ಟಿಕೆಟ್ ಉಂಡಾ?

ಜೆಪ್ಪುವಿನ ಆ ವಠಾರದಲ್ಲಿ ಮೂರೇ ಬಾಗಿಲು.
ಮೊದಲನೆಯದು ಐತಪ್ಪಣ್ಣನದು, ಕೊನೆಯದು ಗಾಬ್ರು ಪೊರ್ಬುವಿನದು,
ನಡುವಿನದು ನಮ್ಮದು.
ಹಾಗಾಗಿ ಊರಿಡೀ ದುಡ್ಡು ಕೊಟ್ಟು ಕೇಳಿದ ಮಾತೆಲ್ಲ
ಮೊದಲು ನಮ್ಮ ಅಡುಗೆಮನೆ ದಾಟಿಯೇ ಹೋದದ್ದು.

ಎಡಗೋಡೆಯಿಂದ ಒಂದು ಬೈಗುಳ ಹೊರಟರೆ
ಬಲಗೋಡೆಯಿಂದ ಅದಕ್ಕೆ ಜವಾಬು.
ಬಂಗುಡೆಗೆ ಮಸಾಲೆ ಅರೆಯುತ್ತಿದ್ದ ಅಮ್ಮ
ಕೈ ನಿಲ್ಲಿಸಿ ಕೂಗುವಳು:
"ಇನ್ನೊಮ್ಮೆ ಹೇಳಿ ಐತಪ್ಪಣ್ಣ, ಕಲ್ಲಿನ ಸದ್ದಿಗೆ ಕೇಳಲಿಲ್ಲ."

ಹಗಲಿನಲ್ಲಿ ಅವರು ತಮಾಷೆಯವರೇ ಅಲ್ಲ.
ಐತಪ್ಪಣ್ಣ ಕಾರ್ಖಾನೆಯಲ್ಲಿ ಒಡೆದ ಹಂಚಿನ ಲೆಕ್ಕ ಬರೆಯುವವ,
ಹುಬ್ಬಿನಲ್ಲೂ ಕೆಂಪು ಧೂಳು.
ಪೊರ್ಬು ದರ್ಜಿ. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡವನಿಗೆ
ನಗಲಿಕ್ಕೂ ಆಗುವುದಿಲ್ಲ, ನಗಿಸಲಿಕ್ಕೂ.
ಶಾಲೆ ಬಿಟ್ಟು ಬಂದು ನಾವು ಮಿಷನ್ನಿನ ಸುತ್ತ ನಿಂತು
"ಒಮ್ಮೆ ನಗಿಸಿ, ಒಂದೇ ಒಂದು ಸಲ" ಅಂದರೆ
ಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು ಕೇಳುವನು:
"ಟಿಕೆಟ್ ಉಂಡಾ?"
ಅಷ್ಟಕ್ಕೇ ನಾವು ಬಿದ್ದು ಬಿದ್ದು ನಕ್ಕು
ಟಿಕೆಟಿಲ್ಲದೆ ಓಡುತ್ತಿದ್ದೆವು.

ರಂಗದ ಮೇಲೆ ಅವರು ಗಂಡ ಹೆಂಡತಿ.
ಹೆಂಡತಿ ಪೊರ್ಬು.
ಮೀಸೆ ಮಾತ್ರ ಬೋಳಿಸುವುದಿಲ್ಲ, ಅದು ಅಪ್ಪ ಬಿಟ್ಟುಹೋದ ಆಸ್ತಿಯಂತೆ.
ಸೆರಗಿನ ತುದಿ ಹಲ್ಲಲ್ಲಿ ಕಚ್ಚಿ ಮುಚ್ಚಿಕೊಳ್ಳುವನು,
ಸಿಟ್ಟು ಬಂದಾಗ ಸೆರಗು ಜಾರುವುದು,
ಟೌನ್‌ಹಾಲಿನ ಮಾಡು ಹಾರುವುದು.

ಸೀರೆ ಅಮ್ಮನದು, ಪಾಚಿ ಹಸಿರಿನದು.
ಮೂರನೆಯ ಸಾಲಲ್ಲಿ ಕೂತು ಅವಳು ತನ್ನ ಸೀರೆಯನ್ನೇ ನೋಡುವಳು:
"ನೆರಿಗೆ ನನಗಿಂತ ಚಂದ ಹಿಡೀತಾನೆ, ಹಾಳಾದವ."

ನಡುರಾತ್ರಿ ವ್ಯಾನು ಇಳಿದು
ಮಕ್ಕಳು ಏಳಬಾರದೆಂದು ತುದಿಗಾಲಲ್ಲಿ ಬರುವರು,
ಸಾವಿರ ಜನರನ್ನು ಕುಣಿಸಿದ ಇಬ್ಬರು,
ನಮ್ಮ ಬಾಲ್ದಿಗೆ ಎಡವದೆ ಒಂದು ದಿನವೂ ದಾಟಿದ್ದಿಲ್ಲ.
ಬಣ್ಣ ಒರೆಸಿದ ತೆಂಗಿನೆಣ್ಣೆಯ ವಾಸನೆ ಕಿಟಕಿಯಲ್ಲಿ;
ಬೆಳಿಗ್ಗೆ ಅಲ್ಲೇ ಒಂದು ಪೊಟ್ಟಣ,
ತಣ್ಣಗಾದ ಗೋಳಿಬಜೆ.

ಒಂದು ವರ್ಷ ಕ್ರಿಸ್ಮಸ್ ಕಳೆದು ಶಿವರಾತ್ರಿವರೆಗೆ
ಅವರಿಗೆ ಮಾತಿಲ್ಲ. ಯಾಕೆಂದು ಯಾರಿಗೂ ಗೊತ್ತಿಲ್ಲ.
ಎರಡೂ ಗೋಡೆ ಸುಮ್ಮನೆ.
ಅಮ್ಮ ಅರೆಯುವ ಸದ್ದು ಆಗ ಎಷ್ಟು ದೊಡ್ಡದಿತ್ತು!
ಶನಿವಾರದ ಆಟ ತಪ್ಪಿಸಲಿಲ್ಲ:
ಬೇರೆ ಬೇರೆ ಬಸ್ಸು ಹತ್ತುವರು, ಅದೇ ನಾಟಕ, ಅದೇ ಬೈಗುಳ,
ಜನರಿಗೇನು, ಎಂದಿಗಿಂತ ಹೆಚ್ಚು ನಕ್ಕರು.

ಉರ್ವದ ಮೈದಾನದಲ್ಲಿ ಆ ರಾತ್ರಿ
ಹೆಂಡತಿ ಬಡಿಸುವಳು, ಗಂಡ ತಟ್ಟೆ ಎಸೆಯಬೇಕು.
ಎಸೆಯಲಿಲ್ಲ.
ತಟ್ಟೆ ಹಿಡಿದೇ ಐತಪ್ಪಣ್ಣ ಕೇಳಿದ, ಮೆಲ್ಲಗೆ:
"ನಿನ್ನ ವನಸ್ ಆಂಡಾ?"
ಊಟ ಆಯಿತಾ ಅಂತ.
ಆ ಮಾತು ನಾಟಕದಲ್ಲಿ ಇಲ್ಲ.
ಇಡೀ ಪುಸ್ತಕ ನನಗೆ ಬಾಯಿಪಾಠ, ನಾನು ಹೇಳುತ್ತೇನೆ, ಇಲ್ಲ.
ಪೊರ್ಬುವಿನ ಬಾಯಿಂದ ಸೆರಗು ಬಿತ್ತು.
"ಇಜ್ಜಿ," ಅಂದ, ಮೀಸೆ ನಡುಗುತ್ತಿತ್ತು.
ಮೈದಾನ ಹೋ ಎಂದು ನಕ್ಕಿತು.
ಅಮ್ಮ ನನ್ನ ಮೊಣಕೈ ಹಿಡಿದಳು, ಬಿಡಲಿಲ್ಲ.

ಆ ರಾತ್ರಿ ಬಾಲ್ದಿಗೆ ನಾಲ್ಕು ಕಾಲು ಎಡವಿದವು.

ಐತಪ್ಪಣ್ಣ ಹೋಗಿ ಹನ್ನೊಂದು ವರ್ಷದ ಮೇಲೆ
ವೆನ್ಲಾಕಿನ ವಾರ್ಡಿನಲ್ಲಿ ಪೊರ್ಬುವಿನ ಮಂಚದ ಬಳಿ ಕೂತು,
ಕಿತ್ತಳೆ ಸುಲಿಯುತ್ತ ಕೇಳಿಯೇಬಿಟ್ಟೆ:
ಅಂದು ಯಾತಕ್ಕೆ ಮುನಿಸು?
ಮೀಸೆಯಲ್ಲಿ ಒಂದೂ ಕಪ್ಪು ಉಳಿದಿರಲಿಲ್ಲ.
ಬಹಳ ಹೊತ್ತು ನನ್ನನ್ನೇ ನೋಡಿ, ಕೊಳವೆಯಿಲ್ಲದ ಕೈ ಚಾಚಿ,
"ಟಿಕೆಟ್ ಉಂಡಾ?"

ಪಕ್ಕದ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ
ಯಾರೋ ಹೆಸರು ಗೊತ್ತಿಲ್ಲದ ಮುದುಕ
ಆ ಸ್ವರ ಕೇಳಿ ತಟ್ಟನೆ ಈ ಕಡೆ ಹೊರಳಿದ,
ನಗಲಿಕ್ಕೆ ತಯಾರಾಗಿ.