ಹಳೆಯದರ ಚೂರು

ನ್ಯೂಕಾಸಲ್, ಮಂಗಳವಾರ, ಹತ್ತೂವರೆ.
ನಾರ್ಮನ್ ಹೆಸ್ಲಾಪ್ ಅಂಗಿ ಬಿಚ್ಚಿ ಮಲಗಿದ್ದಾರೆ,
ಎದೆಯ ನಡುವೆ ಮೇಲಿಂದ ಕೆಳಗೆ ಹೊಲಿಗೆಯ ಗೆರೆ.
ಹತ್ತು ತಂತಿ ಅಂಟಿಸುತ್ತೇನೆ. ತಣ್ಣಗಿದೆ, ಕ್ಷಮಿಸಿ.
ಮೂವತ್ತು ವರ್ಷ ಮೆಟ್ರೋ ಓಡಿಸಿದವರು,
ಸಿಗ್ನಲ್ಲು ಅಂದರೇನೆಂದು ನಾನು ಹೇಳಿಕೊಡಬೇಕಿಲ್ಲ.

ಒಂದು ಕೇಳಲಾ ಪೆಟ್, ಎಂದರು.
(ಈ ಊರಲ್ಲಿ ಎಲ್ಲರೂ ಎಲ್ಲರಿಗೂ ಪೆಟ್.)

ಹೋದ ಭಾನುವಾರ ಕಲ್ಲರ್‌ಕೋಟ್ಸ್ ದಂಡೆಯಲ್ಲಿ
ಮೊಮ್ಮಗಳು ಟಿಲ್ಲಿ ಬಂಡೆಯಿಂದ ಜಾರಿ ನೀರಿಗೆ ಬಿದ್ದಳಂತೆ.
ಕಾಲು ಓಡಿತು. ಗಂಟಲು ಕೂಗಿತು. ಅಂಗೈ ಬೆವರಿತು.
ಎದೆ ಮಾತ್ರ
ಟೀ ಕುಡಿಯುತ್ತ ಕೂತ ಗುಮಾಸ್ತನ ಹಾಗೆ
ತೊಂಬತ್ತೈದು, ತೊಂಬತ್ತೈದು, ತೊಂಬತ್ತೈದು.
ಅವಳನ್ನೆತ್ತಿ, ಟವೆಲು ಸುತ್ತಿ,
ಮೂಗಿಂದ ಉಪ್ಪುನೀರು ಸೀನಿ
ಚಿಪ್ಸ್ ಬೇಕು ಅಂತ ಅವಳು ಹಟ ಹಿಡಿದ ಮೇಲೆ
ಶುರುವಾಯಿತಂತೆ ಧಡಧಡ,
ಸುಮ್ಮನೆ ಬೆಂಚಿನ ಮೇಲೆ ಕೂತವರ ಪಕ್ಕೆಯೊಳಗೆ.

ಹತ್ತೊಂಬತ್ತರ ಹುಡುಗನದಂತೆ ಇದು.
ಟಿಲ್ಲಿಯನ್ನು ಅವನು ಕಂಡವನಲ್ಲವಲ್ಲ. ಅದಕ್ಕೇನಾ?

ಅಲ್ಲ, ಎಂದೆ. ನರ ಕತ್ತರಿಸಿದ್ದಾರೆ.
ರಕ್ತನಾಳ ಹೊಲಿಯಬಹುದು,
ಕೂದಲಿಗಿಂತ ಸಣ್ಣ ಎಳೆಗಳನ್ನು ಯಾರು ಹೊಲಿದಾರು?
ಮಿದುಳಿಂದ ಹೊರಟು, ಕುತ್ತಿಗೆ ಇಳಿದು
ಎದೆ, ಜಠರ, ಕರುಳೆಂದು ಮನೆಮನೆ ತಿರುಗುವ
ಅಲೆಮಾರಿ ನರವೊಂದಿದೆ,
ಸಾವಕಾಶ, ಸಾವಕಾಶ ಎನ್ನುವುದೇ ಅದರ ಕಸುಬು.
ಬೆನ್ನುಹುರಿಯ ಪಕ್ಕದಿಂದ ಬರುವ ಇನ್ನೊಂದು, ಓಡು ಅನ್ನುತ್ತದೆ.
ನಿಮ್ಮ ಎದೆಯ ಹೊಸ್ತಿಲಲ್ಲಿ ಎರಡೂ ನಿಂತಿವೆ,
ಕದ ತೆಗೆಯುವವರಿಲ್ಲ.
ಭಯವಿನ್ನು ರಕ್ತದ ಟಪಾಲಿನಲ್ಲೇ ಬರಬೇಕು.

ಅವರು ಚಾವಣಿ ನೋಡಿದರು.
ನಮ್ಮ ಮಾತಿನಲ್ಲಿ, ಎನ್ನಲು ಹೊರಟು ಸುಮ್ಮನಾದೆ.
ಎದೆ ಧಸಕ್ಕೆನ್ನುತ್ತದೆ, ಕರುಳು ಚುರ್ರೆನ್ನುತ್ತದೆ.
ನರಕ್ಕೆ ಹೆಸರಿಡುವ ಎಷ್ಟೋ ಮೊದಲೇ
ನಮ್ಮ ಹೆಂಗಸರು ಅದರ ದನಿ ಹಿಡಿದಿಟ್ಟಿದ್ದಾರೆ.
ಆಗದೇ ಹೋದ ಧಸಕ್ಕಿಗೆ ಏನನ್ನಲಿ?

ಕಾಗದ ಹೊರಬಂತು.
ಚೂಪು ಶಿಖರಗಳ ನಡುವೆ, ಲೆಕ್ಕಕ್ಕೆ ಸಿಗದೆ,
ಅಕ್ಕಿಕಾಳಿನಷ್ಟು ಒಂದು ಉಬ್ಬು.
ಆಚೆಗೆ ಮತ್ತೊಂದು. ಅದರದೇ ನಡೆ.

ಕೊಳೆಯಾ ಅದು?

ನೀವು, ಎಂದೆ. ಹೊಸದನ್ನು ಹೊಲಿಯಲೆಂದು
ಹಳೆಯದರ ಹಿಂಗೋಡೆ ಒಂದಿಷ್ಟು ಉಳಿಸಿಕೊಂಡಿದ್ದರು.
ಅದರ ನರ ಹರಿದಿಲ್ಲ. ಎಲ್ಲ ಸುದ್ದಿಯೂ ಮುಟ್ಟುತ್ತದೆ.
ಹೊಲಿಗೆ ದಾಟಿ ಹೇಳಲಾರದು, ಅಷ್ಟೆ.

ಭಾನುವಾರ?

ಭಾನುವಾರ ಎಲ್ಲರಿಗಿಂತ ಮೊದಲು ಓಡಿರಬೇಕು.

ಬಹಳ ಹೊತ್ತು ಮಾತಿಲ್ಲ. ಹೊರಗೆ ಯಾರೋ ಕೆಮ್ಮಿದರು,
ಮುಂದಿನವರ ಸರದಿ.
ಶಿಖರಗಳು ತೊಂಬತ್ತೈದರಲ್ಲೇ ಇದ್ದವು.
ಅಕ್ಕಿಕಾಳುಗಳು ಮಾತ್ರ
ಒತ್ತೊತ್ತಾಗಿ, ಇನ್ನೂ ಒತ್ತೊತ್ತಾಗಿ
ಉದುರತೊಡಗಿದವು.

ನಾನು ಗುಂಡಿ ಒತ್ತಲಿಲ್ಲ.
ಕಾಗದ ಬರುತ್ತಲೇ ಇತ್ತು, ನೆಲ ಮುಟ್ಟಿತು.