ಓರಗೆಯವಳು

ಪೆದ್ದಪಲ್ಲಿಯ ಬಂಡೆಯ ಮೇಲೆ ಬಿಸಿಲು ಇಳಿಯುವ ಹೊತ್ತು.
ಸರ್ಕಾರದ ಬೋರ್ಡಿನ ನೆರಳಲ್ಲಿ
ಪಿಳ್ಳಪ್ಪನ ಮೇಕೆಗಳು ಮಲಗಿವೆ.
‘ಹಡಗು ಹತ್ತಿದ್ರಂತಲ್ಲ ಅಮ್ಮಣ್ಣಿ,’ ಅಂದ, ‘ಏನೇನು ಕಂಡ್ರಿ?’

ಏನಂತ ಹೇಳಲಿ.
ದಿನಾ ಸಂಜೆ ಹಡಗಿನವರೇ ಒಂದು ಹಾಳೆ ಹಂಚುತ್ತಿದ್ದರು,
ಇಂದಿನ ವಿಶೇಷ: ತಿಮಿಂಗಿಲ ಎರಡು, ಜಲಪಾತ ಒಂದು,
ಸೂರ್ಯಾಸ್ತ ಇರುವುದಿಲ್ಲ.
ಅವನಿಗೆ ತೋರಿಸಲೆಂದು ಒಂದನ್ನು ಚೀಲದಲ್ಲಿ ತಂದಿದ್ದೇನೆ.

ಮೂವತ್ತೊಂದು ವರ್ಷ ಬೇತಮಂಗಲದ ಹೈಸ್ಕೂಲಿನಲ್ಲಿ
ಕೆಂಪು ಸೀಮೆಸುಣ್ಣದಿಂದ ಜ್ವಾಲಾಮುಖಿ ಬರೆದವಳು ನಾನು.
ಕೆಂಪು ಮುಗಿದ ವರ್ಷ ಲಾವಾ ಹಳದಿಯಾಗಿ ಹರಿಯಿತು,
ಮಕ್ಕಳು ಪರೀಕ್ಷೆಯಲ್ಲೂ ಹಳದಿಯೇ ಬಳಿದರು.
ಗ್ರಾಚ್ಯುಟಿ ಬಂದಾಗ ತಮ್ಮನ ಹೆಂಡತಿ ಮುನಿರತ್ನಮ್ಮ
ಕಾಶಿಗೆ ಹೋಗಿಬನ್ನಿ ಅಂದಳು.
ನಾನು ಅಟ್ಲಾಸು ತೆಗೆದೆ.

ರಬ್ಬರು ದೋಣಿಯಲ್ಲಿ ಎಂಟೆಂಟು ಮಂದಿಯನ್ನು ದಡಕ್ಕೆ ಬಿಡುತ್ತಿದ್ದರು.
ಕೊಟ್ಟ ಬೂಟು ಎರಡು ಸೈಜು ದೊಡ್ಡದು.
ಮೂರು ಜೊತೆ ಕಾಲುಚೀಲ, ಜನ್ಮದಲ್ಲಿ ಮೊದಲ ಪ್ಯಾಂಟು.
ಮರಳು ಹೆಂಚಿನ ತಳದ ಮಸಿಯಷ್ಟು ಕಪ್ಪು.
ಗೋಡೆಯಂಥ ಬಂಡೆಯ ತುಂಬ ಹಕ್ಕಿಗಳು,
ಬಣ್ಣದ ಕೊಕ್ಕಿನಲ್ಲಿ ಅಡ್ಡಡ್ಡ ಮೀನು ಕಚ್ಚಿಕೊಂಡು
ತಮ್ಮ ಮನೆ ಯಾವುದೆಂದು ಮರೆತವರ ಹಾಗೆ ನಿಂತಿದ್ದವು.
ನೆಲ ಉಸಿರು ಬಿಡುವಲ್ಲಿ ಗುಂಡಿ ತೋಡಿ
ಹಿಟ್ಟಿನ ಡಬ್ಬಿ ಹೂತು ಒಂದು ಹಗಲು ಒಂದು ರಾತ್ರಿ ಬಿಟ್ಟರೆ
ರೊಟ್ಟಿ ತಾನೇ ಬೇಯುತ್ತದೆ. ತಿಂದೆ.
ಬೆಲ್ಲ ಕಲಸಿದ ರಾಗಿಯ ಬಣ್ಣ.

‘ಸೌದೆ ಇಲ್ದೆ?’
ಸೌದೆ ಇಲ್ಲದೆ.
ಮುದುಕ ತುಸು ಹೊತ್ತು ಮಾತಾಡಲಿಲ್ಲ.

ಆಮೇಲೆ ಕುರಿಯ ವಿಷಯ ಕೇಳಿದ.
ಇವೆ, ಮೈತುಂಬ ಉಣ್ಣೆ.
ಬೇಸಿಗೆ ಪೂರ್ತಿ ಗುಡ್ಡಕ್ಕೆ ಬಿಟ್ಟುಬಿಡುತ್ತಾರೆ,
ತೋಳವಿಲ್ಲ, ಕಾಯುವವರೂ ಇಲ್ಲ.
‘ಹಂಗಾದ್ರೆ ಯಾರ್ದು ಯಾವ್ದು ಅಂತ?’
ಕಿವಿಯ ಕಚ್ಚು ನೋಡಿ, ಅಂದೆ.
ಪಕ್ಕದ ಮೇಕೆಯ ಎಡಗಿವಿ ಎತ್ತಿ ತೋರಿಸಿದ, ಮೂರುಮೂಲೆ ಕಚ್ಚು.
ಅಲ್ಲಿಂದಾಚೆ ಆ ಜನವೆಲ್ಲ ಅವನಿಗೆ ನೆಂಟರು.

ಹಾಳೆಯಲ್ಲಿ ಒಂದೇ ಸಾಲು ಸಿಕ್ಕದ್ದು ಒಂದಿತ್ತು.
ದಕ್ಷಿಣದ ಕಡಲಲ್ಲಿ, ಬೆಳಗಿನ ಮಂಜಿನಲ್ಲಿ,
ಹಡಗು ವೇಗ ತಗ್ಗಿಸಿ ಸುತ್ತು ಬಂದ ಪುಟ್ಟ ದ್ವೀಪ.
ಅಲ್ಲಿ ಯಾರೂ ಇಳಿಯುವ ಹಾಗಿಲ್ಲ.
ಅರವತ್ತಮೂರರ ನವೆಂಬರಿನಲ್ಲಿ ನೀರು ಕುದಿದು ಮೇಲೆದ್ದ ನೆಲ.
ಅದೇ ನವೆಂಬರಿನಲ್ಲಿ ಬೂದಿಕೋಟೆಯಲ್ಲಿ ನಮ್ಮಮ್ಮ ನನ್ನನ್ನು ಹೆತ್ತಳು.
(ಬೂದಿ ಅಂದರೇನೆಂದು ಹೇಳಿದಾಗ ಗೈಡ್ ಹುಡುಗಿ ನಂಬಲಿಲ್ಲ.)
ಮೂರೂವರೆ ವರ್ಷ ಬೆಳೆಯಿತಂತೆ.
ಆಮೇಲೆ ಅಲೆ ಕೊರೆದು ಕೊರೆದು ಈಗ ಅರ್ಧ.
ಕಟಕಟೆ ಹಿಡಿದು ನಿಂತೆ.
ಸರಿಯಾಗಿ ಆಗಲೇ ನನ್ನ ಎಡ ಮಂಡಿ ಹಿಡಿದುಕೊಂಡಿತು.
ಅಷ್ಟು ದೂರ ಹೋಗಿ ಓರಗೆಯವಳ ಮನೆ ಹೊಸ್ತಿಲಿನಿಂದಲೇ ತಿರುಗಿ ಬಂದೆ.

ಅಲ್ಲಿ ಒಮ್ಮೆ ಟೊಮೇಟೊ ಗಿಡ ಹುಟ್ಟಿತ್ತಂತೆ, ಬರೀ ಕಲ್ಲಿನ ನಡುವೆ.
ವಿಜ್ಞಾನಿಗಳಿಗೆ ಗಾಬರಿ. ಕೊನೆಗೆ ತಿಳಿದದ್ದು:
ಅವರಲ್ಲೇ ಯಾರೋ ಅರ್ಜೆಂಟಾಗಿ ಬಂಡೆಯ ಮರೆಗೆ ಹೋಗಿದ್ದರು.

ಪಿಳ್ಳಪ್ಪ ನಕ್ಕ ರಭಸಕ್ಕೆ ಮೇಕೆಗಳು ಎದ್ದವು.
‘ಕಿತ್ತಾಕಿದ್ರಾ?’
ಬೇರು ಸಮೇತ.
‘ಅಯ್ಯೋ, ಕಾಯಿ ಬಿಡಗಂಟ ತಡೀಬಾರ್ದಾ.
ವಡ್ಡಹಳ್ಳಿ ಮಾರ್ಕೆಟ್ಟಲ್ಲಿ ಬಾಕ್ಸು ಎಂಟ್ನೂರು ಐತೆ ಇವತ್ತು.’

ಕೂತ ಕಲ್ಲನ್ನು ತಟ್ಟಿದೆ.
ಇದೂ ಹಾಗೇ ಬಂದದ್ದು ಪಿಳ್ಳಪ್ಪ, ಬೆಂಕಿಯಾಗಿ.
ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ.
ಅವನು ಬೋರ್ಡಿನ ಕಡೆ ನೋಡಲಿಲ್ಲ.
ಅಂಗೈಯನ್ನು ಕಲ್ಲಿನ ಮೇಲೆ ಅಗಲವಾಗಿ ಊರಿ
‘ಇನ್ನೂ ಬೆಚ್ಚಗೈತೆ’ ಅಂದ.

ಅದು ಬಿಸಿಲಿಗೆ, ಅನ್ನಲು ಬಾಯಿ ತೆರೆದೆ.
ಅಷ್ಟರಲ್ಲಿ ಕಂದು ಮೇಕೆ ಚೀಲಕ್ಕೆ ಮೂತಿ ತೂರಿಸಿ
ಎರಡು ತಿಮಿಂಗಿಲ, ಒಂದು ಜಲಪಾತ
ಅಗಿಯುತ್ತ ನಿಂತಿತ್ತು.