ಎರಡು ಕೊಕ್ಕೆ

ನಾನು ಹೋದದ್ದು ಅಳತೆಗೆ.
ಹಲಸೂರು ಬಜಾರಿನ ಹಿಂದೆ, ಹೂವಿನ ವ್ಯಾಪಾರ ಮುಗಿದು
ಬಾಳೆನಾರು ಒದ್ದೆಯಾಗಿ ಬಿದ್ದಿರುವ ಸಂದಿಯಲ್ಲಿ
ಸಾರ್ವಜನಿಕ ವಾಚನಾಲಯ. ಬೋರ್ಡಿನಲ್ಲಿ
‘ವಾ’ ಉದುರಿ ‘ಚನಾಲಯ’ ಉಳಿದಿದೆ.

ಕಟ್ಟಿದ ಇಸವಿ: ಕಮಾನಿನ ನೆತ್ತಿಯ ಗಾರೆಯಲ್ಲಿ ಕೊರೆದಿದ್ದಾರೆ,
ಹತ್ತೊಂಬತ್ತರ ಮುಂದೆ ಬಣ್ಣ ತುಂಬಿಕೊಂಡಿದೆ.
ಗೋಡೆ: ಇಪ್ಪತ್ತೆರಡು ಅಂಗುಲ.
ಸೂರು: ಮದರಾಸು ತಾರಸಿ. ತೇಗದ ತೊಲೆ ಹನ್ನೊಂದು,
ಗೆದ್ದಲು ತಿಂದದ್ದು ಒಂದು.
ಕಿಟಕಿಯ ಮೇಲೆ ಚೂಪು ಮರದ ಟೋಪಿ, ಅಂಚಿಗೆಲ್ಲ ಹಲ್ಲು;
ಮಂಕಿಟಾಪು ಅನ್ನುತ್ತಾರೆ. ಮಂಗ ಕೂತದ್ದನ್ನು
ಯಾರೂ ಕಂಡಿಲ್ಲ. ಪಾರಿವಾಳ ಇದೆ.

ನೆಲ: ಕೆಂಪು ಗಾರೆ.
ಪತ್ರಿಕೆಯ ಇಳಿಜಾರು ಮೇಜಿನ ಮುಂದೆ ಮಾತ್ರ
ಕೆಂಪು ಸವೆದು ಬೂದಿಬಣ್ಣದ ತಗ್ಗು.
ನಿಂತೇ ಓದಿದವರು: ಲಡಾಯಿ, ಅಕ್ಕಿ ಧಾರಣೆ,
ಕೆಲಸ ಖಾಲಿ ಇದೆ, ಸತ್ತವರ ಫೋಟೋ.
ಕಾಲಿಟ್ಟು ನೋಡಿದೆ. ಸರಿಯಾಗಿ ಕೂತಿತು.
ನಕ್ಷೆಯಲ್ಲಿ ಇದಕ್ಕೆ ಗುರುತಿಲ್ಲ.

ಆಮೇಲೆ ಒಳಕೋಣೆಯ ಕಮಾನಿಗೆ
ಎದುರುಬದುರು ಎರಡು ಹಿತ್ತಾಳೆ ಕೊಕ್ಕೆ.
ಏನಿದು, ಎಂದೆ. ಅಟೆಂಡರ್ ಮುನಿಸಂಜೀವಪ್ಪ,
ನಿವೃತ್ತಿಗೆ ನಾಲ್ಕು ತಿಂಗಳು,
ಏಣಿ ಹಿಡಿದುಕೊಂಡೇ ಹೇಳಿದರು:

“ಪರದೆ ಇತ್ತಂತೆ. ಆಚೆ ಹೆಂಗಸ್ರು, ಈಚೆ ಗಂಡಸ್ರು.
ಆಚೆಗೆ ಒಂದೇ ಕಿಟಕಿ, ಅದೂ ಪಡುವಣಕ್ಕೆ;
ಮೂರು ಗಂಟೆ ತನಕ ಕತ್ಲೆ.
ದೀಪ ಕೇಳಿದ್ರೆ ಕಮಿಟಿಯವರು
ಮುಂದಿನ ಮೀಟಿಂಗಿಗೆ ಹಾಕೋರು. ಹನ್ನೆರಡು ಮೀಟಿಂಗ್ ಆಯ್ತು.
ಮೊದಲಿಯಾರ್ ಮನೆಯ ಕುಂಜರಮ್ಮ ಅಂತ,
ಒಂದು ಶನಿವಾರ ಬಂದು,
‘ಎಷ್ಟು ಕೊಳೆ ಇದು, ಒಗೆದು ತರ್ತೀನಿ’ ಅಂದು
ಪರದೆ ಬಿಚ್ಚಿ, ಮಡಚಿ, ಕಂಕುಳಲ್ಲಿ ಇಟ್ಕೊಂಡು ಹೋದ್ರು.”

ಆಮೇಲೆ?

“ಅಷ್ಟೇ.”

ಸಾಮಾನಿನ ರಿಜಿಸ್ಟರು ತೆಗೆಸಿದೆ. ಬೈಂಡು ಬಿಟ್ಟಿತ್ತು,
ಕರ್ಪೂರದ ವಾಸನೆ.
ಕ್ರಮಸಂಖ್ಯೆ ನಲವತ್ತೊಂದು: ಪರದೆ, ನೀಲಿ, ಒಂದು.
ಷರಾ ಕಾಲಮ್ಮಿನಲ್ಲಿ ವರ್ಷಕ್ಕೊಂದು ಕೈಬರಹ,
ಒಂದು ಮಸಿ, ಒಂದು ಪೆನ್ಸಿಲು, ಆಮೇಲೆ ಬಾಲ್‌ಪೆನ್ನು,
ಮಾತು ಒಂದೇ:
ಒಗೆಯಲು ಹೋಗಿದೆ.

ಮೆಟ್ರೋ ಹಾದುಹೋಯಿತು. ತೊಲೆಗಳು ಸಣ್ಣಗೆ ಗುಂಯ್ ಎಂದವು.
ಪಡುವಣದ ಬಿಸಿಲು ಕಮಾನು ದಾಟಿ
ಪತ್ರಿಕೆಯ ಮೇಜಿನ ತನಕ ಬಂದಿತ್ತು.
ಒಳಗೆ ಪೊಲೀಸ್ ಪರೀಕ್ಷೆಗೆ ಓದುವ ಹುಡುಗಿ ತಲೆ ಎತ್ತಲಿಲ್ಲ;
ಅವಳ ಊಟದ ಚೀಲ ಒಂದು ಕೊಕ್ಕೆಗೆ ತೂಗುತ್ತಿತ್ತು.

ಫಾರಂ ಕೇಳುತ್ತದೆ: ಉಪಯೋಗದಲ್ಲಿದೆಯೇ? ಇಲ್ಲವಾದರೆ ಕೀಳುವುದು.
ಟೇಪನ್ನು ಇನ್ನೊಂದಕ್ಕೆ ತಗುಲಿಸಿ
ಬರೆದೆ: ಹೌದು.